ಅಮ್ಮನ ಶ್ರುತಿಗೆ ಯಾವ ತಂತಿ?

ಪಿಟೀಲಿಗೆ ಹೊಸ ತಂತಿ ತಗೋಬೇಕು ಅಂದಾಗ ಐಟಿ ಮನುಷ್ಯ ಏನು ಮಾಡ್ತಾನೆ? ನಾನೂ ಅದನ್ನೇ ಮಾಡಿದೆ. ಒಂದು ಎಕ್ಸೆಲ್ ಶೀಟ್ ತೆರೆದೆ. ಹೆಸರು, ಬೆಲೆ, ಒಳಗಿನ ಎಳೆ ಯಾವುದು, ಮೇಲೆ ಸುತ್ತಿರುವ ಲೋಹ ಯಾವುದು, ಬಿಗಿತ ಎಷ್ಟು ಕೆಜಿ. ಹನ್ನೊಂದು ಸೆಟ್‌ಗಳಿಗೆ ಅಂಕ ಕೊಟ್ಟು, ಗೆದ್ದದ್ದನ್ನು ಆರ್ಡರ್ ಮಾಡಿದೆ. ಬೆಲೆ ಎಷ್ಟು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಅಷ್ಟೊಂದು ಖರ್ಚು ಮಾಡಿದ್ದೇ ಅಮ್ಮನಿಗೋಸ್ಕರ. ನಾನು ಚಿಕ್ಕವನಿದ್ದಾಗಿನಿಂದ ಅವಳು ಐದು ಮನೆ ಶ್ರುತಿಯಲ್ಲಿ ದೇವರನಾಮ ಹಾಡೋದು, ನಾನು ಹಿಂದೆ ಪಿಟೀಲು ನುಡಿಸೋದು ನಮ್ಮ ಮನೆಯ ಪದ್ಧತಿ. ಹೋದ ವರ್ಷ ಗೌರಿ ಹಬ್ಬದ ದಿನ ತಾರ ಷಡ್ಜಕ್ಕೆ ಹೋದ ದನಿ ಅಲ್ಲೇ ಒಡೆಯಿತು. ನೆಂಟರೆಲ್ಲ ಕೂತಿದ್ದರು. ಅಮ್ಮ ನಕ್ಕು ಎದ್ದು ಒಳಗೆ ಹೋದಳು. ಆಮೇಲೆ ಹಾಡು ಅಂದಾಗಲೆಲ್ಲ ಒಂದೇ ಉತ್ತರ: “ನೀನು ನುಡಿಸಪ್ಪ, ನಾನು ಕೇಳ್ತೀನಿ.”

ಒಳ್ಳೇ ನಾದ ಕೇಳಿದರೆ ಹಾಡುವ ಆಸೆ ಆದೀತು ಅನ್ನೋದು ನನ್ನ ಲೆಕ್ಕ. ಹೊಸ ತಂತಿ ಐದು ಮನೆಯಲ್ಲಿ ನಿಜಕ್ಕೂ ಗಂಟೆಯ ಹಾಗೆ ನುಡಿಯಿತು. ಆದರೆ ಅಮ್ಮ ಎರಡು ಸಾಲು ಹಾಡಿ ನಿಲ್ಲಿಸಿದಳು. “ಮೂರು ಮನೆಗೆ ಇಳಿಸೋಣ ಅಮ್ಮ” ಅಂತ ಮೊಬೈಲಿನ ತಂಬೂರಿ ಇಳಿಸಿದೆ, ಬಿರಡೆ ಸಡಿಲಿಸಿದೆ. ಅಷ್ಟೇ, ಗಂಟೆ ಹೋಗಿ ಒದ್ದೆ ಬಟ್ಟೆ ಆಯ್ತು! ಕಮಾನು ಒತ್ತಿದರೆ ಕರಕರ, ಗಮಕ ಹಾಕಿದರೆ ಸ್ವರ ಎಲ್ಲೆಲ್ಲೋ ಜಾರುತ್ತೆ. ಅಮ್ಮ ಮಾತ್ರ ತಪ್ಪನ್ನು ತನ್ನ ಮೇಲೇ ಹಾಕಿಕೊಂಡಳು: “ನನ್ನಿಂದ ನಿನ್ನ ಪಿಟೀಲೂ ಕೆಡ್ತು ನೋಡು.”

ಆ ಮಾತು ಚುಚ್ಚಿತು. ಪಿಟೀಲು ಎತ್ತಿಕೊಂಡು ನಮ್ಮ ಮೇಷ್ಟ್ರ ಮನೆಗೆ ಹೋದೆ. ನನ್ನ ಶೀಟನ್ನೂ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಈ ಬಿಗಿತ ಬರೆದಿದ್ದೀಯಲ್ಲಪ್ಪ, ಯಾವ ಶ್ರುತಿಗೆ?”

ಬಗ್ ಅಲ್ಲೇ ಇತ್ತು. ಕಂಪನಿಗಳು ಕೊಡುವ ಬಿಗಿತದ ಲೆಕ್ಕ ಪಾಶ್ಚಾತ್ಯ ಶ್ರುತಿಯದ್ದು. ದಪ್ಪ ತಂತಿಯಿಂದ ಸಣ್ಣದಕ್ಕೆ ಜಿ, ಡಿ, ಎ, ಇ. ನಾವು ಕೂಡಿಸೋದು ಸ-ಪ-ಸ-ಪ. ಐದು ಮನೆ ಅಂದರೆ ಷಡ್ಜವೇ ಜಿ. ಹಾಗಾಗಿ ದಪ್ಪ ತಂತಿಗಳೆರಡೂ ಇದ್ದಲ್ಲೇ ಇರುತ್ತವೆ, ಸಣ್ಣವೆರಡು ಮಾತ್ರ ಒಂದು ಸ್ವರ ಇಳಿಯುತ್ತವೆ. ಮೂರು ಮನೆಗೆ ಬಂದರೆ ನಾಲ್ಕೂ ಇಳಿಯಬೇಕು.

ಇಳಿದರೆ ಏನಾಗುತ್ತೆ? ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ಅದೇ ತಂತಿ, ಅದೇ ಉದ್ದ ಇದ್ದಾಗ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಶ್ರುತಿ 10 ಪರ್ಸೆಂಟ್ ಇಳಿದರೆ ಬಿಗಿತ 19 ಪರ್ಸೆಂಟ್ ಇಳಿಯುತ್ತೆ. ಮೂರು ಮನೆಯಲ್ಲಿ ದಪ್ಪ ತಂತಿಗಳು ಕಂಪನಿ ಹೇಳಿದ ಬಿಗಿತದಲ್ಲಿ ಸುಮಾರು 29 ಪರ್ಸೆಂಟ್ ಕಳೆದುಕೊಳ್ಳುತ್ತವೆ, ಸಣ್ಣವು ಸುಮಾರು 44 ಪರ್ಸೆಂಟ್. ಗಂಡಸರ ಒಂದು ಮನೆ ಶ್ರುತಿಗೆ ಇಳಿಸಿದರಂತೂ ‘ಇ’ ತಂತಿಯ ಬಿಗಿತ 65 ಪರ್ಸೆಂಟ್ ಹೋಗುತ್ತೆ. ಅಲ್ಲಿ ‘ಇ’ ಬದಲು ‘ಎ’ ತಂತಿಯನ್ನೇ ಹಾಕಿದರೆ ಹೋಗೋದು 20 ಪರ್ಸೆಂಟ್ ಆಸುಪಾಸು ಅಷ್ಟೇ.

ಅಂದರೆ ‘ಯಾವ ತಂತಿ ಒಳ್ಳೇದು’ ಅನ್ನೋ ಪ್ರಶ್ನೆಗೆ ಶ್ರುತಿ ಹೇಳದೆ ಉತ್ತರ ಇಲ್ಲ.

ಇನ್ನು ತಂತಿಯ ಜಾತಿಗಳು. ಹಳೇ ಕಾಲದ್ದು ಕುರಿ ಕರುಳಿನದು. ನಾದ ತುಂಬಾ ಮೃದು, ಆದರೆ ಮಳೆ-ಬಿಸಿಲಿಗೆ ಶ್ರುತಿ ಓಡಾಡುತ್ತೆ. ಎರಡನೆಯದು ಕರುಳಿನ ಬದಲು ನೈಲಾನ್ ತರಹದ ಎಳೆ ಇರೋದು. ವಿಯೆನ್ನಾದ ಥಾಮಸ್ಟಿಕ್ ಕಂಪನಿ 1970ರಲ್ಲಿ ತಂದ ಡಾಮಿನಂಟ್ ಈ ಜಾತಿಯಲ್ಲಿ ಹೆಸರುವಾಸಿ. ನಾದ ದುಂಡಗಿರುತ್ತೆ, ಆದರೆ ಹೊಸದರಲ್ಲಿ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತೆ. ಮೂರನೆಯದು ಉಕ್ಕು. ಬೇಗ ಶ್ರುತಿಗೆ ನಿಲ್ಲುತ್ತೆ, ದನಿ ಚುರುಕು, ಕೆಲವರ ಕಿವಿಗೆ ಸ್ವಲ್ಪ ಒರಟು. ಇದರಲ್ಲೂ ಎರಡು ಬಗೆ. ಡಿ’ಅಡಾರಿಯೋ ಕಂಪನಿಯ ಪ್ರಿಲ್ಯೂಡ್‌ನಲ್ಲಿರೋದು ಒಂದೇ ಗಟ್ಟಿ ಎಳೆ. ಅವರದೇ ಹೆಲಿಕೋರ್‌ನಲ್ಲಿ ತೆಳು ಎಳೆಗಳನ್ನು ಹೊಸೆದಿರುತ್ತಾರೆ.

ನಾನು ಗಮನಿಸದೇ ಬಿಟ್ಟಿದ್ದು ಇನ್ನೊಂದು ಕಾಲಂ. ಹೆಲಿಕೋರ್, ಡಾಮಿನಂಟ್ ತರಹದ ಸೆಟ್‌ಗಳು ಲೈಟ್, ಮೀಡಿಯಂ, ಹೆವಿ ಅಂತ ಮೂರು ತೂಕದಲ್ಲಿ ಬರುತ್ತವೆ. ನಾವೆಲ್ಲ ಕಣ್ಣು ಮುಚ್ಚಿ ಮೀಡಿಯಂ ತಗೋತೀವಿ. ಕೆಳಗಿನ ಶ್ರುತಿಗೆ ಹೆವಿ ಹಾಕಿದರೆ ಕಳೆದುಕೊಂಡ ಬಿಗಿತದ ಒಂದು ಪಾಲು ವಾಪಸ್ ಬರುತ್ತೆ, ಪೂರ್ತಿ ಅಲ್ಲ. ಮೇಷ್ಟ್ರು ಹೊಸೆದ ಉಕ್ಕಿನ ಹೆವಿ ಸೆಟ್ ಹಾಕು ಅಂದರು. “ಆದರೆ ಇದನ್ನ ಐದೂವರೆ, ಆರಕ್ಕೆ ಏರಿಸಬೇಡ, ಕುದುರೆ ಮೇಲೆ ಭಾರ ಬೀಳುತ್ತೆ” ಅಂತ ಎಚ್ಚರಿಕೆಯನ್ನೂ ಕೊಟ್ಟರು.

ನೀವೂ ಬದಲಾಯಿಸೋದಾದರೆ ಎರಡು ಮಾತು. ನಾಲ್ಕೂ ತಂತಿಯನ್ನು ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಾಯಿಸಿ. ಇಲ್ಲದಿದ್ದರೆ ಕುದುರೆ ಬೀಳುತ್ತೆ, ಒಳಗೆ ನಿಲ್ಲಿಸಿರುವ ಪುಟ್ಟ ಕಡ್ಡಿಯೂ ಬೀಳಬಹುದು. ಹಾಕಿದ ದಿನವೇ ತೀರ್ಪು ಕೊಡಬೇಡಿ. ಒಂದು ವಾರ ಬಿಟ್ಟು, ನೀವು ನುಡಿಸುವ ಶ್ರುತಿಯಲ್ಲೇ ಮೂರು ಪರೀಕ್ಷೆ ಮಾಡಿ: ಮೆಲ್ಲಗೆ ಕಮಾನು ಎಳೆದರೆ ದನಿ ಏಳುತ್ತಾ, ಜಾರು ಸಲೀಸಾಗಿ ಬರುತ್ತಾ, ಗಮಕದಲ್ಲಿ ಸ್ವರ ತನ್ನ ಜಾಗಕ್ಕೆ ಮರಳುತ್ತಾ. ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವವರು ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಲೇಬೇಕು.

ಮನೆಗೆ ಬಂದು ಅಮ್ಮನಿಗೆ ಇಷ್ಟೇ ಹೇಳಿದೆ: “ತಪ್ಪು ನಿನ್ನದಲ್ಲಮ್ಮ, ನಾನು ಹಾಕಿದ್ದ ತಂತಿದು.” ಮೇಷ್ಟ್ರು ಹೇಳಿಕಳಿಸಿದ್ದ ಮಾತನ್ನೂ ದಾಟಿಸಿದೆ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸಲಿ ಅಂತ ನಮ್ಮ ಮೈಸೂರು ಚೌಡಯ್ಯನವರು ಪಿಟೀಲಿಗೇ ಏಳು ತಂತಿ ಕಟ್ಟಿಕೊಂಡರು. ವಾದ್ಯವನ್ನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳೋದು ಹೊಸದೇನಲ್ಲ.

ಅಮ್ಮ ತಕ್ಷಣ ಹಾಡಲಿಲ್ಲ. ಎರಡು ದಿನ ಬಿಟ್ಟು, ಸಂಜೆ ದೀಪ ಹಚ್ಚಿದವಳು ತಾನಾಗಿಯೇ ಬಂದು ಕೂತು, “ಮೂರು ಮನೆ ಇಡು” ಅಂದಳು. ತಾರ ಷಡ್ಜ ಮುಟ್ಟಿದಳು, ಅಲ್ಲೇ ಸ್ವಲ್ಪ ಹೊತ್ತು ನಿಂತಳು ಕೂಡ. ಹಾಡು ಮುಗಿದ ಮೇಲೆ ಕೇಳಿದ ಮೊದಲ ಪ್ರಶ್ನೆ: “ಎಷ್ಟಾಯ್ತೋ ತಂತಿಗೆ?”

ಹೆವಿ ಸೆಟ್ಟಿನ ಬೆಲೆ ಹೇಳಿದೆ. ಮೊದಲಿನದರ ಬಗ್ಗೆ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.