ಅವನು ಸೇವಕನಲ್ಲ, ಗುಲಾಮ

ಪ್ಲಾಟಸ್‌ನ 'ಮೆನೆಕ್ಮಿ' ನಮಗೆ ಪೂರ್ತಿ ಅಪರಿಚಿತವೇನಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ರೋಮನ್ ಪ್ರಹಸನದ ಅವಳಿಗಳನ್ನು ಶೇಕ್ಸ್‌ಪಿಯರ್ 'ಕಾಮಿಡಿ ಆಫ್ ಎರರ್ಸ್'ಗೆ ಎತ್ತಿಕೊಂಡ. ಅಲ್ಲಿಂದ ಆ ಕತೆ 1997ರಲ್ಲಿ 'ಉಲ್ಟಾ ಪಲ್ಟಾ' ಆಗಿ ಕನ್ನಡದ ತೆರೆಗೂ ಬಂತು. ಮೂಲ ನಾಟಕ ಓದಬೇಕೆಂದರೆ ಲ್ಯಾಟಿನ್ ಬಾರದ ನನ್ನಂಥವರಿಗೆ ಇಂಗ್ಲಿಷ್ ಅನುವಾದವೇ ಗತಿ. ನನ್ನ ತಕರಾರು ಇರುವುದೂ ಅಲ್ಲೇ.

ಕಳೆದುಹೋದ ಅವಳಿ ಸೋದರನನ್ನು ಆರು ವರ್ಷಗಳಿಂದ ಹುಡುಕುತ್ತಿರುವ ಧಣಿಯ ಬೆನ್ನಿಗೆ ಮೆಸ್ಸೆನಿಯೊ ಎಂಬವನಿದ್ದಾನೆ. ಲ್ಯಾಟಿನ್ನಿನಲ್ಲಿ ಅವನು 'ಸರ್ವುಸ್'. ಅಂದರೆ ಧಣಿಯ ಆಸ್ತಿ, ಮಾರಬಹುದಾದ ಮನುಷ್ಯ. ಎಷ್ಟೋ ಹಳೆಯ ಇಂಗ್ಲಿಷ್ ಅನುವಾದಗಳು ಅವನನ್ನು 'ಸರ್ವೆಂಟ್' ಎಂದು ಕರೆದು ಕೈ ತೊಳೆದುಕೊಂಡಿವೆ. ಈಚಿನ ಅನುವಾದಕರು 'ಸ್ಲೇವ್' ಎಂದೇ ಬರೆಯುತ್ತಾರೆ ನಿಜ. ಆದರೆ ಪುಕ್ಕಟೆಯಾಗಿ ಸಿಗುವುದು ಹೆಚ್ಚಾಗಿ ಹಳೆಯವು.

"ನಗಿಸುವ ನಾಟಕಕ್ಕೆ ಇಷ್ಟೆಲ್ಲ ಶಾಸ್ತ್ರ ಯಾಕೆ?" ಎನ್ನುವವರಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ನಾಟಕದ ಕೊನೆಗೆ ಧಣಿ ಇವನನ್ನು ಬಿಡುಗಡೆ ಮಾಡುತ್ತಾನೆ. ಸಂಬಳದ ಸೇವಕನಿಗೆ ಎಂಥ ಬಿಡುಗಡೆ? ನಮ್ಮ ನಿಮ್ಮ ಹಾಗೆ ನೋಟಿಸ್ ಪೀರಿಯಡ್ ಮುಗಿಸಿ ಹೊರಡಬಹುದಿತ್ತಲ್ಲ!

ಒಳ್ಳೆಯ ಆಳು ಹೇಗಿರಬೇಕೆಂದು ಮೆಸ್ಸೆನಿಯೊ ಹಾಡಿಕೊಳ್ಳುವ ಭಾಗವೊಂದಿದೆ. ಅವನ ನಿಷ್ಠೆಯ ಹಿಂದೆ ಚಾವಟಿ, ಕಾಲುಬೇಡಿ, ಬೀಸುವ ಕಲ್ಲು, ಹಸಿವು, ಚಳಿ ಸಾಲಾಗಿ ನಿಂತಿವೆ. 'ಸರ್ವೆಂಟ್' ಎಂದೊಡನೆ ಇದೆಲ್ಲ ಸ್ವಾಮಿಭಕ್ತಿಯ ಉಪದೇಶವಾಗಿಬಿಡುತ್ತದೆ.

ಕಡೆಯ ದೃಶ್ಯ ಇನ್ನೂ ಖಾರ. ಸೋದರರು ಒಂದಾಗಿ ಊರಿಗೆ ಹೊರಡುವಾಗ ಒಬ್ಬನ ಆಸ್ತಿಯೆಲ್ಲ ಹರಾಜಿಗೆ ಬರುತ್ತದೆ. ಈಗಷ್ಟೇ ಬಿಡುಗಡೆಯಾದ ಮೆಸ್ಸೆನಿಯೊ ಹರಾಜು ಕೂಗುವ ಕೆಲಸವನ್ನು ತಾನೇ ಕೇಳಿ ಪಡೆಯುತ್ತಾನೆ. ಗುಲಾಮರು, ಮನೆಸಾಮಾನು, ಹೊಲ, ಮನೆ, ಕೊಳ್ಳುವವರಿದ್ದರೆ ಹೆಂಡತಿಯೂ ಮಾರಾಟಕ್ಕಿದ್ದಾರೆ ಎಂದು ಕೂಗುತ್ತಾನೆ. ಹೆಂಡತಿಯ ಮಾತಿಗೆ ನಾವು ನಗುತ್ತೇವೆ. ಪಟ್ಟಿಯಲ್ಲಿ ಮೊದಲು ಬಂದವರು ಯಾರು ಎಂಬುದು ಕಿವಿಗೆ ಬೀಳುವುದೇ ಇಲ್ಲ. ನಿನ್ನೆಯ ಗುಲಾಮ ಇಂದು ಗುಲಾಮರನ್ನು ಹರಾಜು ಹಾಕುತ್ತಿದ್ದಾನೆ! ಪ್ಲಾಟಸ್ ಇದನ್ನು ಮರುಕದಿಂದ ಬರೆದನೆಂದು ನಾನು ಹೇಳಲಾರೆ. ಆದರೆ ಅವನು ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದು ಅನುವಾದದ ಸಭ್ಯತೆ.

ನಾಳೆ ನಮ್ಮಲ್ಲೇ ಯಾರೋ ಇಂಗ್ಲಿಷ್ ಮುಂದಿಟ್ಟುಕೊಂಡು ಇದನ್ನು ಕನ್ನಡಕ್ಕೆ ತರುತ್ತಾರೆ. ಇಂಗ್ಲಿಷಿನ 'ಸರ್ವೆಂಟ್' ಅಲ್ಲಿ ಸದ್ದಿಲ್ಲದೆ 'ಸೇವಕ'ನಾಗುತ್ತದೆ. 1976ರಲ್ಲಿ ಕಾನೂನು ಮಾಡಿ ಜೀತವನ್ನು ನಿಷೇಧಿಸಬೇಕಾಗಿ ಬಂದ ದೇಶದವರು ನಾವು. ನಮ್ಮ ಭಾಷೆಗೆ ಈ ಪದಗಳ ಬರವಿಲ್ಲ. ಹಾಗೆಂದು 'ಜೀತದಾಳು' ಎಂದರೂ ಸರಿಹೋಗದು. ಜೀತದಾಳು ಸಾಲಕ್ಕೆ ಸಿಕ್ಕಿಬಿದ್ದವನು, ಇವನು ಮಾರಾಟದ ಸರಕು. 'ಗುಲಾಮ' ಎಂದೇ ಬರೆಯಿರಿ.

ನಗಬೇಡಿ ಎನ್ನುತ್ತಿಲ್ಲ. ಕೊನೆಯಲ್ಲಿ ಮೆಸ್ಸೆನಿಯೊಗೆ ಆಗುವ ಸಂತೋಷ ನಮಗೂ ತಟ್ಟಬೇಕಾದರೆ, ಅಲ್ಲಿಯವರೆಗೆ ಅವನು ಏನಾಗಿದ್ದ ಎಂಬುದು ನಮಗೆ ಗೊತ್ತಿರಬೇಕು.