ದೇವರ ಆಳು ಎಂದರೆ ಯಾರ ಆಳು?

ನಮ್ಮ ಕಡೆ ಚರ್ಚುಗಳಲ್ಲಿ 'ದೇವಸೇವಕರು' ಅಂತ ಒಂದು ಮಾತಿದೆ. ಸಭೆಯ ಪಾಸ್ಟರಿಗೆ, ಉಜ್ಜೀವನ ಕೂಟಕ್ಕೆ ಹೊರಗಿನಿಂದ ಬಂದು ಪ್ರಸಂಗ ಮಾಡುವವರಿಗೆ ಈ ಬಿರುದು. ದೇವಸೇವಕರು ಬಂದರು ಎಂದರೆ ಎಲ್ಲರೂ ಎದ್ದು ನಿಲ್ಲಬೇಕು. ಮುಂದಿನ ಕುರ್ಚಿ ಅವರದು, ಹಾರ ಅವರ ಕೊರಳಿಗೆ, ಊಟಕ್ಕೆ ಕೂತರೆ ಕೋಳಿಯ ಕಾಲು ಅವರ ತಟ್ಟೆಗೆ. ಸೇವಕ ಎಂಬ ಪದ ಇಷ್ಟು ಸುಖವಾಗಿ ಬಾಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ರಾಜಕೀಯದಲ್ಲಿ 'ಜನಸೇವಕ' ಎಂಬ ಇನ್ನೊಂದು ಪದ ಉಂಟು. ಅದರ ಕಥೆ ನಿಮಗೆಲ್ಲ ಗೊತ್ತೇ ಇದೆ, ಬಿಡಿ.

ಪೌಲನು ತನ್ನ ಪತ್ರಗಳಲ್ಲಿ ತನ್ನನ್ನು ಕ್ರಿಸ್ತನ ದಾಸ ಎಂದು ಕರೆದುಕೊಳ್ಳುತ್ತಾನೆ. ದಾಸ ಎಂದ ಕೂಡಲೆ ನಮಗೆ ತಂಬೂರಿ, ಗೆಜ್ಜೆ, ಪುರಂದರದಾಸರು ನೆನಪಾಗುತ್ತಾರೆ. ಗ್ರೀಕ್ ಮೂಲದ 'ದೂಲೋಸ್' ಮಾತ್ರ ಅಷ್ಟು ಇಂಪಾದ ಪದವಲ್ಲ. ಒಡೆಯನ ಸೊತ್ತಾದ ಗುಲಾಮ ಎಂದು ಅದರ ಅರ್ಥ. ನಮ್ಮ ಹಳ್ಳಿಯ ಭಾಷೆಯಲ್ಲಿ ಹತ್ತಿರದ ಮಾತು ಹುಡುಕಿದರೆ ಜೀತದಾಳು. ಕೊನೆಯ ರಾತ್ರಿ ಏಸು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದನಲ್ಲ, ಅದೂ ಆಳು ಮಾಡುವ ಕೆಲಸವೇ. ಇದನ್ನು ಒಪ್ಪಿದರೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಜೀತದಾಳಿಗೆ ಧಣಿ ಒಬ್ಬನೇ. ಧಣಿ ದೇವರಾದರೆ ಬಿಷಪ್ಪರು ಧಣಿಯಲ್ಲ, ದುಡ್ಡು ಕಳಿಸುವ ಪರದೇಶದ ಕಮಿಟಿ ಧಣಿಯಲ್ಲ, ಊರಿನ ಗುಂಪೂ ಅಲ್ಲ. ಹೀಗೆ ಬಾಳಿ ತೋರಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಪುಣೆ ಸ್ಟೇಷನ್ನಿನಿಂದ ದೌಂಡ್ ಕಡೆಯ ರೈಲು ಹತ್ತಿದರೆ ಕೇಡಗಾಂವ್ ಸಿಗುತ್ತದೆ. ಅಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇದೆ.

ರಮಾಬಾಯಿ ಮರಾಠಿಯವರು, ನಮಗೇನು ಎನ್ನಬೇಡಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆ ಹುಟ್ಟುವ ಕಡೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ಮನುಷ್ಯ. ಆ ಕಾಲದಲ್ಲಿ ಅದೇ ದೊಡ್ಡ ಅಪರಾಧ. ಆಮೇಲೆ ಸಂಸಾರ ಪುರಾಣ ಹೇಳುತ್ತ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ಹೋದರು. ಉಳಿದ ಹುಡುಗಿ ಅಣ್ಣನ ಜೊತೆ ನಡೆದು ನಡೆದು ಕಲ್ಕತ್ತೆ ಮುಟ್ಟಿ, 1878ರಲ್ಲಿ ಅಲ್ಲಿನ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತಿ' ಎನಿಸಿಕೊಂಡಳು. ಬಂಗಾಳಿ ವಕೀಲರೊಬ್ಬರೊಡನೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ, ಕೈಯಲ್ಲಿ ಒಂದು ಹೆಣ್ಣು ಮಗು.

1883ರಲ್ಲಿ ವೈದ್ಯಶಾಸ್ತ್ರ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳಿಸದ್ದರಿಂದ ಅದು ಕೈಗೂಡಲಿಲ್ಲ. ಅಲ್ಲಿನ ಕ್ರೈಸ್ತ ಸಹೋದರಿಯರು, ಸಮಾಜ ಹೊರಹಾಕಿದ ಹೆಂಗಸರನ್ನು ಮನುಷ್ಯರಂತೆ ನೋಡಿಕೊಳ್ಳುವುದನ್ನು ಕಂಡು ಅವರ ಮನಸ್ಸು ತಿರುಗಿತು. ಅದೇ ವರ್ಷ ದೀಕ್ಷಾಸ್ನಾನವಾಯಿತು. ನನಗೆ ಮೆಚ್ಚುಗೆಯಾಗುವುದು ಆಮೇಲಿನ ಭಾಗ. ಮತಾಂತರವಾದ ಮೇಲೆ ಹೇಳಿದ್ದಕ್ಕೆಲ್ಲ ಹ್ಞೂಂ ಎನ್ನುತ್ತಾಳೆ ಎಂದು ಅವರ ಗುರುಗಳು ತಿಳಿದಿದ್ದರೋ ಏನೋ! ರಮಾಬಾಯಿ ಮಾಂಸ ತಿನ್ನಲಿಲ್ಲ. ಕೊರಳಿಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಅಡ್ಡ ಬಂದಾಗ ಪತ್ರ ಬರೆದು ವಾದ ಮಾಡಿದರು. ನನ್ನ ಅಂತಃಕರಣ ನನ್ನದು, ಪುರೋಹಿತರ ಒಂದು ಸಂಕೋಲೆ ಕಳಚಿ ಇನ್ನೊಂದು ಹಾಕಿಕೊಳ್ಳಲು ಬಂದಿಲ್ಲ ಎಂಬುದು ಅವರ ವಾದದ ತಿರುಳು. ವಯಸ್ಸು ಇಪ್ಪತ್ತೈದು ಇಪ್ಪತ್ತೇಳು, ಕೈಯಲ್ಲಿ ಕಾಸಿಲ್ಲ, ಉಳಿದುಕೊಂಡದ್ದು ಅವರದೇ ಮನೆಯಲ್ಲಿ. ಇಂಥ ಆಳನ್ನು ಇಟ್ಟುಕೊಳ್ಳುವುದು ಯಾವ ಮಠಕ್ಕೂ ಸುಲಭವಲ್ಲ.

ಇಲ್ಲಿ ನಮ್ಮ ಕ್ಲಾಸಿನ ಗೆಳೆಯರು ಕೇಳುವ ಪ್ರಶ್ನೆ ಬಂದೇ ಬರುತ್ತದೆ. "ಅನ್ನ ಹಾಕಿ ಜಾತಿ ಕೆಡಿಸುವುದೇ ನಿಮ್ಮ ಸೇವೆ ಅಲ್ಲವೇನೋ?" ಪ್ರಶ್ನೆ ಹೊಸದಲ್ಲ, ಇದೇ ಪುಣೆಯಲ್ಲಿ 1893ರಲ್ಲಿ ಎದ್ದದ್ದು. ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದಿದ್ದರು. ಹಣ ಬರುತ್ತಿದ್ದದ್ದು ಅಮೆರಿಕದ ಬಾಸ್ಟನ್ನಿನ ಸಂಘದಿಂದ. ಶಾಲೆಯಲ್ಲಿ ಮತಬೋಧನೆ ಇಲ್ಲ ಎಂಬುದು ಕರಾರು. ಆದರೆ ತಾವು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಹುಡುಗಿಯರು ಬಂದು ಕೂರುತ್ತಿದ್ದರು. ಗಲಾಟೆಯಾಯಿತು. ಟಿಳಕರ 'ಕೇಸರಿ' ಹರಿಹಾಯ್ದಿತು, ರಾನಡೆ, ಭಂಡಾರಕರರಂಥವರೇ ಸಲಹಾ ಮಂಡಳಿಯಿಂದ ಹೊರಬಂದರು, ಹಲವು ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು.

ನನ್ನ ಅಭಿಪ್ರಾಯ ಕೇಳಿದರೆ, ಬಾಗಿಲು ತೆರೆದಿತ್ತು ಎಂಬ ಉತ್ತರ ಪೂರ್ತಿ ಸಾಲದು. ಅನ್ನ ಹಾಕಿ ಅಕ್ಷರ ಕಲಿಸುವ ತಾಯಿ ಪ್ರಾರ್ಥನೆಗೆ ಕೂತರೆ ಹದಿನಾಲ್ಕು ವರ್ಷದ ಹುಡುಗಿಗೆ ಅದು ಬರೀ ಪ್ರಾರ್ಥನೆಯಾಗಿ ಕಾಣುವುದಿಲ್ಲ. ಕರಾರಿನ ದುಡ್ಡಿನಲ್ಲಿ ನಡೆಯುವಾಗ ಇನ್ನಷ್ಟು ಎಚ್ಚರ ಬೇಕಿತ್ತು. ಹಾಗೆಂದು ಖಾತೆಯ ಒಂದೇ ಬದಿ ಬರೆದು ಪುಸ್ತಕ ಮುಚ್ಚುವುದು ಕಾಮರ್ಸ್ ಓದುವವನಿಗೆ ತಕ್ಕದ್ದಲ್ಲ. ಆ ಸದನಕ್ಕೆ ಸೇರಿದ ಮೊದಲ ವಿಧವೆ ಗೋದೂಬಾಯಿ. ಆಕೆ ಕ್ರೈಸ್ತಳಾಗಲಿಲ್ಲ. ಅದೇ 1893ರಲ್ಲಿ ಧೋಂಡೊ ಕೇಶವ ಕರ್ವೆಯವರು ಆಕೆಯನ್ನೇ ಮದುವೆಯಾದರು. ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ದಿನಾ ಕರ್ವೆ ರೋಡಿನಲ್ಲಿ ಬಸ್ಸು ಕಾಯುವ ನಮಗೆ ಈ ಜಮಾ ಕಾಣಬೇಡವೇ? ಬೈದವರೆಷ್ಟೋ ಮಂದಿ, ಆದರೆ ತಲೆ ಬೋಳಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದ ಹುಡುಗಿಯರಿಗೆ ಅಷ್ಟು ದಿನ ಬಾಗಿಲು ತೆರೆದವರು ಎಷ್ಟು ಮಂದಿ?

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಬರ ಎಂದರೇನೆಂದು ಬಲ್ಲ ರಮಾಬಾಯಿ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಾಲ, ಇಡಲು ಜಾಗವಿಲ್ಲ. ಹಾಗೆ ಎದ್ದದ್ದು ಕೇಡಗಾಂವಿನ ಮುಕ್ತಿ. (ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯ ವಿರುದ್ಧ 1897ರಲ್ಲಿ ಪತ್ರಿಕೆಗೆ ಬರೆದರು. ಬ್ರಿಟಿಷ್ ಸರ್ಕಾರವೂ ಅವರ ಧಣಿಯಾಗಿರಲಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ.) 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಜನ. ಎರಡು ಸಾವಿರ ಹೊಟ್ಟೆಗೆ ಎರಡು ಹೊತ್ತು ಅನ್ನ ಅಂದರೆ ಲೆಕ್ಕ ಹಾಕಿ ನೋಡಿ! ಬಾವಿ ತೋಡಿಸಿದರು, ಹೊಲ ಮಾಡಿದರು. ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನು, ಮುದ್ರಣಾಲಯ, ಎಲ್ಲದರಲ್ಲೂ ದುಡಿದವರು ಹುಡುಗಿಯರೇ. ಕುರುಡರಿಗೆ ಬ್ರೈಲ್ ಕಲಿಸಿದರು. ಕಂಪೋಸಿಂಗ್ ಮಾಡಿ ಅಚ್ಚು ಮೊಳೆ ಜೋಡಿಸುತ್ತಿದ್ದ ಕೈಗಳು ಹಿಂದೆ ಭಿಕ್ಷೆ ಬೇಡಿದ ಕೈಗಳು.

ಆ ಅಚ್ಚುಕೂಟದಲ್ಲಿ ತಯಾರಾದ ದೊಡ್ಡ ಕೆಲಸ ಬೈಬಲಿನ ಮರಾಠಿ ಅನುವಾದ. ಹಳ್ಳಿಯ ಹೆಂಗಸಿಗೆ ಅರ್ಥವಾಗುವ ಸರಳ ಮರಾಠಿ ಬೇಕೆಂದು, ಸಂಸ್ಕೃತವನ್ನು ಅರೆದು ಕುಡಿದಿದ್ದ ಪಂಡಿತೆ, ಹೀಬ್ರೂ ಮತ್ತು ಗ್ರೀಕ್ ಕಲಿತು ಮೂಲದಿಂದ ತಾವೇ ಮಾಡಿದರು. ತನ್ನ ಪಾಂಡಿತ್ಯವನ್ನು ಬಚ್ಚಿಟ್ಟು ಬರೆಯುವುದು ಎಷ್ಟು ಕಷ್ಟ ಅಂತ ನಮ್ಮ ಸಂಘದ ಕವಿಮಿತ್ರರನ್ನು ಕೇಳಬೇಕು! 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಅನುವಾದ ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಇಂದಿನ ಉಜ್ಜೀವನ ಕೂಟಗಳಲ್ಲಿ ರಮಾಬಾಯಿಯವರ ಹೆಸರು ಕೇಳಿಬರುತ್ತದೆ, ಇಲ್ಲವೆಂದಲ್ಲ. 1905ರಲ್ಲಿ ಮುಕ್ತಿಯಲ್ಲಿ ಹುಡುಗಿಯರು ಆತ್ಮಭರಿತರಾಗಿ ಅತ್ತದ್ದು, ಪ್ರಾರ್ಥಿಸಿದ್ದು, ಅದನ್ನು ಮೈಕಿನಲ್ಲಿ ವರ್ಣಿಸುತ್ತಾರೆ. ಗಾಣದ ಮಾತು ಬರುವುದಿಲ್ಲ, ಬಾವಿಯ ಮಾತು ಬರುವುದಿಲ್ಲ, ಬಿಷಪ್ಪರ ಜೊತೆ ಜಗಳದ ಮಾತಂತೂ ಬರುವುದೇ ಇಲ್ಲ. ಆ ಜಗಳವನ್ನು ಹೇಳಿದರೆ ಎದುರಿಗೆ ಕೂತ ಹೆಂಗಸರಲ್ಲಿ ಯಾರಾದರೂ ಎದ್ದು, ಸ್ವಾಮೀ, ಕಾಣಿಕೆ ಡಬ್ಬಿಯ ಲೆಕ್ಕ ಎಲ್ಲಿ ಎಂದು ಕೇಳಿಬಿಟ್ಟಾರು ಎಂಬ ಭಯವಿರಬೇಕು. ದೇವರೊಬ್ಬನೇ ಧಣಿ ಎಂದು ನಂಬಿದವಳ ಕಥೆಯನ್ನು ತಾವೇ ಧಣಿಗಳಾದವರು ಹೇಗೆ ಪೂರ್ತಿ ಹೇಳಿಯಾರು?

ಕನ್ನಡ ಓದುವ ನಮಗೆ ಇನ್ನೂ ಒಂದು ನಂಟಿದೆ. 1910ರ ದಶಕದಲ್ಲಿ ತಾಯಿ ಮಗಳು ಸೇರಿ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಒಂದು ಶಾಲೆ ತೆರೆದರು. ಆಗ ಅದು ನಿಜಾಮರ ಸೀಮೆ, ಹೆಣ್ಣುಮಕ್ಕಳಿಗೆ ಶಾಲೆಯೆಂಬುದೇ ಅಪರೂಪ. ಗಂಗಾಮೂಲದಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಶಾಲೆ ಕಟ್ಟಿದ ಹೆಂಗಸಿನ ಬಗ್ಗೆ ನಮ್ಮ ಸಂಘದಲ್ಲಿ ಇದುವರೆಗೆ ಒಂದು ಭಾಷಣವೂ ಆಗಿಲ್ಲ. ಪ್ರತಿ ವರ್ಷ ಸಂಘದ ಪ್ರವಾಸ ಲೋಣಾವಳಕ್ಕೇ ಹೋಗುತ್ತದೆ, ಚಿಕ್ಕಿ ತಿಂದು ಬರುತ್ತೇವೆ. ಈ ಸಲ ಕಾರ್ಯದರ್ಶಿಗಳು ಕೇಡಗಾಂವಿನ ಟಿಕೆಟ್ಟು ತೆಗೆಸಲಿ. ಮುಕ್ತಿಯಲ್ಲಿ ಈಗಲೂ ಹೆಂಗಸರೂ ಮಕ್ಕಳೂ ಇದ್ದಾರೆ. ಬುತ್ತಿ ಮಾತ್ರ ನಾವೇ ಕಟ್ಟಿಕೊಂಡು ಹೋಗೋಣ.