ಕೂಸಿನ ತುತ್ತು, ತಾಯಿಯ ಹಕ್ಕು

ರೈತ ಬಾಂಧವರೇ, ಬೆಳೆ ಸೊರಗಿದರೆ ನೀವು ಬೇರನ್ನು ಕಿತ್ತು ನೋಡುತ್ತೀರಿ. ಮನೆಯ ಕೂಸು ಸೊರಗಿದರೆ ಮಾತ್ರ ದೃಷ್ಟಿ ತಾಗಿತೆಂದೋ, ತಾಯಿಗೆ ಸಾಕಲು ಬಾರದೆಂದೋ ಹೇಳಿ ಸುಮ್ಮನಾಗುವುದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದು ಬರಗಾಲದ ಸೀಮೆಯ ಮಾತೆಂದು ಭದ್ರಾ ನಾಲೆಯ ದಾವಣಗೆರೆ, ಹರಿಹರದ ರೈತರು ತಿಳಿಯಬಾರದು. ಮನೆ ತುಂಬ ಅಕ್ಕಿಯಿದ್ದ ಮಾತ್ರಕ್ಕೆ ಕೂಸಿಗೆ ಪೋಷಣೆ ದೊರೆಯುವುದಿಲ್ಲ.

ಹಿಂದೆ ಈ ಭಾಗದ ಬೆದ್ದಲು ಹೊಲಗಳಲ್ಲಿ ಜೋಳದ ನಡುವೆ ಅಕ್ಕಡಿ ಸಾಲುಗಳಿರುತ್ತಿದ್ದವು. ತೊಗರಿ, ಅವರೆ, ಅಲಸಂದೆ, ಹೆಸರು. ಮುಖ್ಯ ಬೆಳೆಯ ಲೆಕ್ಕ ಗಂಡಸರದಾದರೂ ಅಕ್ಕಡಿಯ ಕಾಳು, ಹೊಲದ ಸೊಪ್ಪು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲು. ಯಾರ ಅಪ್ಪಣೆಯೂ ಇಲ್ಲದೆ ಮಡಿಲಲ್ಲಿ ತಂದು ಬೇಯಿಸುತ್ತಿದ್ದರು. ಈಗ ನಾಲೆಯ ಕೆಳಗೆ ಭತ್ತವೊಂದೇ, ಮಳೆಯಾಶ್ರಯದಲ್ಲಿ ಮೆಕ್ಕೆಜೋಳವೊಂದೇ. ಕಳೆನಾಶಕ ಹೊಡೆದ ಮೇಲೆ ಬೆರಕೆ ಸೊಪ್ಪೂ ಸಿಗದು. ಇಳುವರಿ ಹೆಚ್ಚಿದ್ದನ್ನು ಹಳಿಯುವವನು ನಾನಲ್ಲ. ಆದರೆ ಬೇಳೆ, ಸೊಪ್ಪು, ಮೊಟ್ಟೆ ಎಲ್ಲವೂ ಪೇಟೆಯಿಂದ ಬರಬೇಕಾಯಿತು. ದಾವಣಗೆರೆಯ ಮಾರುಕಟ್ಟೆಯಲ್ಲಿ ಮಾರಿದ ಮಾಲಿನ ಹಣ ಯಜಮಾನರ ಜೇಬು ಸೇರುತ್ತದೆ. ಹಟ್ಟಿಯಲ್ಲಿ ಎಮ್ಮೆಯಿದ್ದರೂ ಹಾಲೆಲ್ಲ ಡೇರಿಗೆ. ಎರಡು ಮೊಟ್ಟೆ ತರಿಸಲೂ ತಾಯಿ ಕೈಯೊಡ್ಡಬೇಕು.

ಹೊತ್ತಿನ ಮಾತೂ ಹೀಗೆಯೇ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಂದಿಗೆ ಮೆತ್ತನೆಯ ಆಹಾರ ಬೇಕು. ಹೊಟ್ಟೆ ಚಿಕ್ಕದು, ಆದ್ದರಿಂದ ಒಂಬತ್ತು ತಿಂಗಳಾದ ಮೇಲೆ ದಿನಕ್ಕೆ 3–4 ಸಲ ಉಣಿಸಬೇಕು. ನಾಟಿಯ ಕಾಲದಲ್ಲಿ ಬೆಳಗ್ಗೆ ಗದ್ದೆಗಿಳಿದ ತಾಯಿ ಯಾವಾಗ ಮನೆಗೆ ಮರಳಬೇಕೆಂಬುದನ್ನು ಅವಳು ತೀರ್ಮಾನಿಸುವಳೇ? ತೀರ ಸೊರಗಿದ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ಇರಿಸಿಕೊಳ್ಳುತ್ತಾರೆ, ತಾಯಿಯೂ ಜೊತೆಗಿರಬೇಕು. ಅತ್ತೆ, ಮಾವ, ಗಂಡ ಮೂವರೂ ಒಪ್ಪಬೇಕು. ಕೊಯ್ಲು ಮುಗಿಯಲಿ ಎಂದರೆ ಮಗು ಅಷ್ಟು ದಿನ ಕಾಯುವುದೇ?

2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆಂದು ಗೊತ್ತುಮಾಡಿದ್ದಾರೆ. ಒಳ್ಳೆಯದೇ. ಆದರೆ ಕೂಡುಕುಟುಂಬದಲ್ಲಿ ಪಡಿತರ ಚೀಟಿಯ ಯಜಮಾನಿ ಸಾಮಾನ್ಯವಾಗಿ ಅತ್ತೆ. ಕೂಸನ್ನು ಎತ್ತಿಕೊಂಡ ಸೊಸೆಯ ಕೈಗೆ ಅದರಲ್ಲಿ ಎಷ್ಟು ಬರುತ್ತದೆಂದು ನಿಮ್ಮ ಮನೆಯಲ್ಲೇ ವಿಚಾರಿಸಿರಿ. ಹಣ ಕೊಡದೆ ಕೂಸಿನ ಹೊಣೆಯನ್ನಷ್ಟೇ ಹೊರಿಸುವುದು ಬರೀ ಬೈಗುಳಕ್ಕೆ ದಾರಿ.

ಬೇಸಾಯಗಾರನಾಗಿ ನೀವು ಮಾಡಬಹುದಾದದ್ದೂ ಇದೆ. ಮುಂಗಾರಿನಲ್ಲಿ ಗದ್ದೆಯ ಬದುವಿನ ಮೇಲೆ ತೊಗರಿ ಊರಿರಿ, ಮೆಕ್ಕೆಜೋಳದಲ್ಲಿ ಕೆಲವು ಸಾಲು ತೊಗರಿ, ಅಲಸಂದೆಗೆ ಬಿಡಿರಿ. ಆ ಸಾಲುಗಳಿಗೆ ಕಳೆನಾಶಕ ತಾಗದಿರಲಿ. ಆ ಕಾಳನ್ನು ಮಾರುವುದೋ ಬೇಯಿಸುವುದೋ ಕೂಸಿನ ತಾಯಿ ಹೇಳಲಿ. ಡೇರಿಗೆ ಹಾಲು ಅಳೆಯುವ ಮುನ್ನ ಮನೆಯ ಮಕ್ಕಳ ಪಾಲನ್ನು ಅವಳೇ ತೆಗೆದಿಡಲಿ. ಒಂದಿಷ್ಟು ರಾಗಿಯನ್ನೂ ತನ್ನಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿದರೆ ಗಂಜಿ ಅಂಟುಗಟ್ಟುವುದಿಲ್ಲ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಗಿರಣಿಗೆ ಒಯ್ಯುವ ಕೆಲಸವನ್ನು ನೀವೇ ಮಾಡಿರಿ.